ಕಡತದಲ್ಲಿ ಉಳಿದ ಪದ: ಮೂಲ ತಂತ್ರಾಂಶವಿಲ್ಲದೆ ಹಳೆಯ ಕನ್ನಡ ಕಡತಗಳ ಓದು
(ಕಡೂರು, ತರೀಕೆರೆ ಮತ್ತು ಅಜ್ಜಂಪುರ ಸೀಮೆಯ ಜನಪದ ಸಂಗ್ರಹಗಳ ಹಿನ್ನೆಲೆಯಲ್ಲಿ)

ಪೀಠಿಕೆ

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು ಕ್ರಿ.ಶ. 1196ರಲ್ಲಿ ಕಟ್ಟಿಸಿದ ದೇವಾಲಯವಿದೆ. ಅಲ್ಲಿಯ ಶಾಸನವನ್ನು ಕವಿ ಜನ್ನನ ರಚನೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಎಂಟು ಶತಮಾನಗಳ ಮಳೆಗಾಳಿಯನ್ನು ಕಂಡ ಆ ಕಲ್ಲನ್ನು ಹಳಗನ್ನಡದ ಲಿಪಿ ಬಲ್ಲವರು ಇಂದಿಗೂ ನೇರವಾಗಿ ಓದಬಲ್ಲರು. ಬಿ.ಎಲ್. ರೈಸ್ ಅವರು ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 6ನೆಯ ಸಂಪುಟವಾಗಿ 1901ರಲ್ಲಿ ಪ್ರಕಟಿಸಿದರು. ಆ ಪುಸ್ತಕವನ್ನು ಓದಲು ಕಣ್ಣು ಮತ್ತು ಬೆಳಕಿನ ಹೊರತು ಬೇರಾವ ಸಾಧನವೂ ಬೇಕಾಗಿಲ್ಲ. ಆದರೆ ಇದೇ ಸೀಮೆಯಲ್ಲಿ 1990ರ ದಶಕದಲ್ಲಿ ಸಂಗ್ರಹವಾಗಿ, ಗಣಕದಲ್ಲಿ ಅಕ್ಷರ ಜೋಡಣೆಗೊಂಡು, ಫ್ಲಾಪಿಯಲ್ಲಿ ಉಳಿದ ಒಂದು ಸೋಬಾನೆ ಪದವನ್ನು ಇಂದು ತೆರೆಯಹೊರಟರೆ ತೆರೆಯ ಮೇಲೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳ ರಾಶಿ ಮಾತ್ರ.

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯು ಮಲೆನಾಡು ಮತ್ತು ಬಯಲುಸೀಮೆಗಳು ಕೂಡುವ ನೆಲೆ. ಬೀಸುವ ಪದ, ಸೋಬಾನೆ, ಕೋಲಾಟದ ಪದ, ಚೌಡಿಕೆಯ ಪದ, ವೀರಗಾಸೆಯ ಒಡಪು, ಮೂಡಲಪಾಯದ ಪ್ರಸಂಗ, ತಾಂಡಾಗಳ ಲಂಬಾಣಿ ಹಾಡು ಇವೆಲ್ಲ ಇಲ್ಲಿ ಒಟ್ಟಿಗೆ ದೊರೆಯುತ್ತವೆ. ಗೊ.ರು. ಚನ್ನಬಸಪ್ಪನವರಂತಹ ಜಾನಪದ ವಿದ್ವಾಂಸರನ್ನು ನಾಡಿಗೆ ನೀಡಿದ್ದೂ ಈ ಸೀಮೆಯೇ. ಸಂಗ್ರಹಕಾರರ ಕೆಲಸ ಬಹುಕಾಲ ಕೈಬರಹದ ನೋಟುಪುಸ್ತಕದಿಂದ ಮೊಳೆಯಚ್ಚಿಗೆ ಹೋಗುತ್ತಿತ್ತು. 1990ರ ದಶಕದಿಂದೀಚೆಗೆ ನಡುವೆ ಗಣಕ ಬಂದಿತು. ನಿಬಂಧಗಳು, ಗೀತ ಸಂಕಲನಗಳು, ಕ್ಷೇತ್ರಕಾರ್ಯದ ವರದಿಗಳು ಡಿಟಿಪಿ ಕೇಂದ್ರಗಳಲ್ಲಿ ಸಿದ್ಧಗೊಂಡವು. ಅಚ್ಚಾದ ಭಾಗ ಗ್ರಂಥಾಲಯ ಸೇರಿತು. ಪುಟದ ಮಿತಿಯಿಂದ ಬಿಟ್ಟುಹೋದ ಪಾಠಾಂತರಗಳು, ಅನುಬಂಧಗಳು, ಹಾಡುಗಾರರ ವಿವರಗಳು ಹಲವು ವೇಳೆ ಕಡತದಲ್ಲಿಯೇ ನಿಂತವು. ಹಾಡಿದವರಲ್ಲಿ ಅನೇಕರು ಇಂದು ಇಲ್ಲ. ನೋಟುಪುಸ್ತಕವೂ ಕಳೆದುಹೋಗಿದ್ದರೆ ಆ ಪದಕ್ಕೆ ಉಳಿದ ಏಕೈಕ ಆಧಾರ ಆ ಕಡತವೇ ಆಗಿರುತ್ತದೆ.

ಮೂಲ ತಂತ್ರಾಂಶವಿಲ್ಲದೆ ಇಂತಹ ಕಡತವನ್ನು ಓದುವುದು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಹೌದು. ಆದರೆ ಅದನ್ನು ಕೇವಲ ತಾಂತ್ರಿಕ ಕೆಲಸವೆಂದು ಗಣಕ ಬಲ್ಲವರಿಗೆ ಒಪ್ಪಿಸಿ ಸುಮ್ಮನಾಗುವಂತಿಲ್ಲ. ಅದು ಓಲೆಗರಿಯ ಸಂಪಾದನೆಯಷ್ಟೇ ಎಚ್ಚರವನ್ನು ಬೇಡುವ ಗ್ರಂಥಸಂಪಾದನೆಯ ಕೆಲಸವೆಂಬುದನ್ನು ಪ್ರಸ್ತುತ ಲೇಖನ ವಿವರಿಸುತ್ತದೆ.

ಎರಡು ಬೀಗಗಳು

ಹಳೆಯ ಕನ್ನಡ ಕಡತಕ್ಕೆ ಎರಡು ಬೀಗಗಳಿರುತ್ತವೆ. ಮೊದಲನೆಯದು ಕಡತದ ವಿನ್ಯಾಸ, ಅಂದರೆ ಪಠ್ಯ, ಅಕ್ಷರಗಾತ್ರ, ಪುಟದ ಅಳತೆ ಮುಂತಾದವನ್ನು ಪದಸಂಸ್ಕಾರಕ ತಂತ್ರಾಂಶವು ತನ್ನದೇ ಕ್ರಮದಲ್ಲಿ ಜೋಡಿಸಿಟ್ಟ ರೀತಿ. ಎರಡನೆಯದು ಲಿಪಿಯ ಸಂಕೇತ, ಅಂದರೆ ಯಾವ ಸಂಖ್ಯೆಯು ಯಾವ ಅಕ್ಷರವನ್ನು ಸೂಚಿಸುತ್ತದೆ ಎಂಬ ಒಪ್ಪಂದ. ಇಂಗ್ಲಿಷ್ ಕಡತಕ್ಕೆ ಸಾಮಾನ್ಯವಾಗಿ ಮೊದಲ ಬೀಗವೊಂದೇ. ಅದು ತೆರೆದರೆ ಓದು ಸಿದ್ಧ. ಕನ್ನಡಕ್ಕೆ ಮೊದಲ ಬೀಗ ತೆರೆದ ಮೇಲೆಯೇ ನಿಜವಾದ ತೊಡಕು ಎದುರಾಗುತ್ತದೆ.

ಇದಕ್ಕೆ ಚಾರಿತ್ರಿಕ ಕಾರಣವಿದೆ. ಭಾರತೀಯ ಲಿಪಿಗಳಿಗಾಗಿ ಇಸ್ಕಿ ಸಂಕೇತವು 1991ರಲ್ಲಿ ಐಎಸ್ 13194 ಎಂಬ ರಾಷ್ಟ್ರೀಯ ಮಾನಕವಾಯಿತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಸಂಖ್ಯೆಗಳು ಮೀಸಲಾದವು. ಆದರೆ ಬಳಕೆಯಲ್ಲಿದ್ದ ಗಣಕಗಳು ಅವುಗಳನ್ನು ಅರ್ಥ ಮಾಡಿಕೊಳ್ಳುತ್ತಿರಲಿಲ್ಲ. ವಿಂಡೋಸ್ ವ್ಯವಸ್ಥೆಯಲ್ಲಿ ಯೂನಿಕೋಡ್ ಕನ್ನಡವು ತುಂಗಾ ಅಕ್ಷರಶೈಲಿಯೊಡನೆ ಬಂದುದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಅಲ್ಲಿಯವರೆಗೆ, ರೂಢಿಯ ಬಲದಿಂದ ಅನಂತರವೂ ಬಹುಕಾಲ, ರೋಮನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿ ಕೆಲಸ ನಡೆಸಲಾಯಿತು. ಶ್ರೀಲಿಪಿ, ಆಕೃತಿ, ಪ್ರಕಾಶಕ ಮುಂತಾದ ತಂತ್ರಾಂಶಗಳು ತಂತಮ್ಮ ಸಂಕೇತಗಳನ್ನು ರೂಪಿಸಿಕೊಂಡವು. 1998ರಲ್ಲಿ ಬಂದ ಬರಹ ಮತ್ತು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಬಹುಮಟ್ಟಿಗೆ ಒಂದೇ ಸಂಕೇತವನ್ನು ಅನುಸರಿಸಿದ್ದರಿಂದ ಆ ಎರಡರ ಕಡತಗಳ ಓದು ಸುಲಭ. ಉಳಿದವುಗಳಿಗೆ ಬೇರೆ ಬೇರೆ ಕೋಷ್ಟಕಗಳು ಬೇಕು. ಇದೇ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ಏಕರೂಪತೆಯ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವರಲ್ಲಿ ಪ್ರಮುಖರೆಂಬುದನ್ನು ಇಲ್ಲಿ ನೆನೆಯಬಹುದು.

ಮೊದಲ ಬೀಗ: ಕಡತದ ವಿನ್ಯಾಸ

ಕಡತದ ಹೆಸರಿನ ಕೊನೆಯ ಮೂರು ಅಕ್ಷರಗಳನ್ನು ನಂಬಿ ಅದರ ಜಾತಿಯನ್ನು ನಿರ್ಧರಿಸುವುದು ಸರಿಯಲ್ಲ. ಹೆಸರನ್ನು ಯಾರೂ ಬದಲಿಸಬಹುದು. ಕಡತದ ಮೊದಲ ಕೆಲವು ಬೈಟ್‌ಗಳು ಹೆಚ್ಚು ನಂಬಿಕೆಗೆ ಅರ್ಹ. ಬೈಟ್ ಎಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ. ಕಡತವು 208, 207, 17, 224, 161, 177, 26, 225 ಎಂದು ಆರಂಭವಾದರೆ ಅದು ಮೈಕ್ರೋಸಾಫ್ಟ್ ವರ್ಡ್ 2003ರವರೆಗಿನ ಆವೃತ್ತಿಗಳು ಬಳಸಿದ ಸಂಯುಕ್ತ ಕಡತವಾಗಿರಬಹುದು. 80, 75 ಎಂದು ಆರಂಭವಾದರೆ ಅದು ಜಿಪ್ ಪೊಟ್ಟಣ, ವರ್ಡ್ 2007ರ ಅನಂತರದ ಕಡತಗಳು ಈ ಬಗೆಯವು. 255, 87, 80, 67 ಎಂಬುದು ವರ್ಡ್‌ಪರ್ಫೆಕ್ಟ್‌ನ ಗುರುತು. 37, 80, 68, 70 ಎಂಬುದು ಪಿಡಿಎಫ್‌ನ ಗುರುತು. ಯಾವುದೇ ಹೆಕ್ಸ್ ವೀಕ್ಷಕ ತಂತ್ರಾಂಶದಲ್ಲಿ ಈ ಸಂಖ್ಯೆಗಳನ್ನು ಕಾಣಬಹುದು.

ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಹಳೆಯ ಕಡತಗಳ ವಿನ್ಯಾಸದ ವಿವರಣೆಯನ್ನು 2008ರಲ್ಲಿ ಸಾರ್ವಜನಿಕವಾಗಿ ಪ್ರಕಟಿಸಿತು. ಮುಕ್ತ ತಂತ್ರಾಂಶವಾದ ಲಿಬ್ರೆಆಫೀಸ್ ಈ ಕಡತಗಳನ್ನು ತೆರೆಯುತ್ತದೆ. ಬಳಕೆಯಿಂದ ಮರೆಯಾದ ಕಡತಗಳನ್ನು ಓದುವ ಸಾಧನಗಳಿಗಾಗಿ 2014ರಲ್ಲಿ ಆರಂಭವಾದ ಡಾಕ್ಯುಮೆಂಟ್ ಲಿಬರೇಶನ್ ಯೋಜನೆಯಿಂದ ಪೇಜ್‌ಮೇಕರ್ ಕಡತಗಳಿಗೂ ದಾರಿಯಾಗಿದೆ. ಕನ್ನಡ ಪುಸ್ತಕಗಳ ಪುಟವಿನ್ಯಾಸದಲ್ಲಿ ಪೇಜ್‌ಮೇಕರ್‌ನ ಬಳಕೆ ವ್ಯಾಪಕವಾಗಿತ್ತು. ಅದರ ಕೊನೆಯ ಆವೃತ್ತಿಯಾದ 7.0 ಬಂದುದು 2001ರಲ್ಲಿ. ಆದ್ದರಿಂದ ಈ ಸಾಧನ ಗ್ರಂಥಾಲಯಗಳಿಗೆ ವಿಶೇಷ ಉಪಯುಕ್ತ.

ಇಲ್ಲಿ ಒಂದು ಎಚ್ಚರ ಅಗತ್ಯ. ಕಡತವನ್ನು ಸರಳ ಪಠ್ಯವನ್ನಾಗಿ ಹಿಂಡಿ ತೆಗೆಯುವ ಸಾಧನಗಳು ಹಲವಿವೆ. ವರ್ಡ್‌ನ ಹಳೆಯ ಕಡತದಲ್ಲಿ ಪಠ್ಯವು ಓದುವ ಕ್ರಮದಲ್ಲಿಯೇ ಇರಬೇಕೆಂದಿಲ್ಲ. ಅದು ತುಣುಕುಗಳಾಗಿದ್ದು, ಯಾವ ತುಣುಕಿನ ಅನಂತರ ಯಾವುದು ಎಂಬುದನ್ನು ಬೇರೊಂದು ಪಟ್ಟಿ ಹೇಳುತ್ತದೆ. ಆ ಪಟ್ಟಿಯನ್ನು ಲೆಕ್ಕಿಸದೆ ಬೈಟ್‌ಗಳನ್ನು ಮಾತ್ರ ಹೆಕ್ಕಿದರೆ, ತಡವಾಗಿ ಸೇರಿಸಿದ ನುಡಿಯೊಂದು ಲಾವಣಿಯ ಕೊನೆಗೆ ಹೋಗಿ ಕೂಡಬಹುದು. ಕಥನಗೀತದಲ್ಲಿ ನುಡಿಗಳ ಕ್ರಮ ಬದಲಾದರೆ ಅದು ಬೇರೊಂದು ಪಾಠಾಂತರವೆಂದೇ ಮುಂದಿನ ಸಂಶೋಧಕನಿಗೆ ತೋರೀತು.

ಎರಡನೆಯ ಬೀಗ: ಮೂರು ಊರುಗಳ ಹೆಸರು

ಲಿಪಿಸಂಕೇತದ ಸ್ವರೂಪವನ್ನು ಮೂರು ತಾಲ್ಲೂಕು ಕೇಂದ್ರಗಳ ಹೆಸರಿನಿಂದಲೇ ತಿಳಿಯಬಹುದು. ನುಡಿ ತಂತ್ರಾಂಶದ ಹಳೆಯ ಸಂಕೇತದಲ್ಲಿ 'ಕಡೂರು' ಎಂಬ ಹೆಸರು ಹೀಗೆ ಇರುತ್ತದೆ: 80, 192, 113, 192, 198, 103, 192, 196. ಇಲ್ಲಿ 80 ಎಂದರೆ ತಲಕಟ್ಟಿಲ್ಲದ ಕಕಾರದ ಆಕಾರ, 192 ಎಂದರೆ ತಲಕಟ್ಟು. 113 ಡಕಾರದ ಆಕಾರ, ಅದಕ್ಕೆ ತಲಕಟ್ಟು, ಮೇಲೆ 198 ಎಂಬ ದೀರ್ಘದ ಕೊಂಬು. 103 ರಕಾರ, ತಲಕಟ್ಟು, 196 ಎಂಬ ಹ್ರಸ್ವದ ಕೊಂಬು. ರೋಮನ್ ಅಕ್ಷರಶೈಲಿಯಲ್ಲಿ 80 ಎಂಬ ಮನೆಯಲ್ಲಿರುವುದು ದೊಡ್ಡಕ್ಷರದ 'ಪಿ'. ನುಡಿ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಕಕಾರಕ್ಕೆ ಬದಲಾಗಿ 'ಪಿ' ಕಾಣುವುದು ಈ ಕಾರಣದಿಂದ.

'ತರೀಕೆರೆ' 118, 192, 106, 195, 80, 201, 103, 201 ಎಂದಿರುತ್ತದೆ. 106 ಎಂಬುದು ಗುಡಿಸು ಸಹಿತವಾದ 'ರಿ', 195 ಅದರ ಮುಂದಿನ ದೀರ್ಘ, 201 ಏತ್ವ. 'ಅಜ್ಜಂಪುರ' 67, 100, 211, 65, 165, 192, 197, 103, 192 ಎಂದಿರುತ್ತದೆ. 67 ಅಕಾರ, 100 ಜಕಾರ, 211 ಜಕಾರದ ಒತ್ತು, 65 ಸೊನ್ನೆ. 'ಪು' ಅಕ್ಷರದ ಕೊಂಬು ಇಲ್ಲಿ 196 ಆಗಿರದೆ 197 ಆಗಿರುವುದು ಗಮನಾರ್ಹ. ಪಕಾರ, ವಕಾರಗಳಿಗೆ ಕೊಂಬು ಕೂಡುವ ರೀತಿ ಬೇರೆಯಾದುದರಿಂದ ಅದಕ್ಕೆ ಬೇರೆ ಮನೆ ನೀಡಲಾಗಿದೆ.

ಈ ಉದಾಹರಣೆಗಳಿಂದ ತಿಳಿಯುವ ಮುಖ್ಯ ಸಂಗತಿಯೆಂದರೆ, ಹಳೆಯ ಕಡತವು ದಾಖಲಿಸುವುದು ಅಕ್ಷರವನ್ನಲ್ಲ, ಅಕ್ಷರದ ಆಕಾರವನ್ನು. ಯೂನಿಕೋಡ್ ದಾಖಲಿಸುವುದು ಅಕ್ಷರವನ್ನು. ಯೂನಿಕೋಡ್‌ನಲ್ಲಿ 'ಕಡೂರು' ಎಂಬುದು 3221, 3233, 3266, 3248, 3265 ಎಂಬ ಐದೇ ಸಂಖ್ಯೆಗಳು. ತಲಕಟ್ಟಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಆದ್ದರಿಂದ ಒಂದು ಸಂಖ್ಯೆಗೆ ಒಂದು ಸಂಖ್ಯೆಯನ್ನು ಬದಲಿಸಿದರೆ ಪರಿವರ್ತನೆ ಆಗುವುದಿಲ್ಲ. ಆಕಾರಗಳ ಗುಂಪನ್ನು ಓದಿ ಅಕ್ಷರವನ್ನು ಗುರುತಿಸಬೇಕಾಗುತ್ತದೆ. ಶಾಸನ ಓದುವವನು ಕಲ್ಲಿನ ಗೆರೆಗಳಿಂದ ಅಕ್ಷರವನ್ನು ಗುರುತಿಸುವ ಕ್ರಿಯೆಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಪರಿವರ್ತನೆಯ ತೊಡಕುಗಳು

ಮೊದಲ ತೊಡಕು ಆಕಾರಗಳ ಹಂಚಿಕೆ. ಮಕಾರಕ್ಕೆ ಈ ಸಂಕೇತದಲ್ಲಿ ಸ್ವಂತ ಮನೆಯಿಲ್ಲ. ವಕಾರದ ಆಕಾರವಾದ 170, ತಲಕಟ್ಟು 192, ಕೊಂಬು 196 ಇವು ಕೂಡಿದರೆ 'ಮ'. 170, 192, 197 ಕೂಡಿದರೆ 'ವು'. ಯಕಾರವು 65, 105, 192, 196 ಎಂದಿದ್ದು, ಸೊನ್ನೆಯ ಆಕಾರದಿಂದಲೇ ಆರಂಭವಾಗುತ್ತದೆ. ಆದ್ದರಿಂದ ಪರಿವರ್ತಕವು ಉದ್ದದ ಗುಂಪನ್ನು ಮೊದಲು, ಗಿಡ್ಡದ ಗುಂಪನ್ನು ಅನಂತರ ಹುಡುಕಬೇಕು. ಈ ನಿಯಮ ತಪ್ಪಿದರೆ 'ಮದುವೆ' ಎಂಬ ಮಾತು 'ವುದುವೆ' ಎಂದಾಗುತ್ತದೆ.

ಎರಡನೆಯದು ಕ್ರಮಭೇದ. ಅರ್ಕಾವತ್ತು ಬರಹದಲ್ಲಿ ಅಕ್ಷರದ ಬಲಕ್ಕೆ ನಿಲ್ಲುತ್ತದೆ. ಉಚ್ಚಾರದಲ್ಲಿ ಮೊದಲು ಬರುತ್ತದೆ. 'ಮೂರ್ತಿ' ಎಂಬಲ್ಲಿ ಹಳೆಯ ಕಡತ ಮೊದಲು 'ತಿ'ಯನ್ನು, ಅನಂತರ 240 ಎಂಬ ಅರ್ಕಾವತ್ತನ್ನು ಇರಿಸುತ್ತದೆ. ಯೂನಿಕೋಡ್‌ನಲ್ಲಿ ರಕಾರವೇ ಮೊದಲು. ಪರಿವರ್ತಕವು ಅರ್ಕಾವತ್ತನ್ನು ಹಿಂದಕ್ಕೆ ಒಯ್ದು ಸರಿಯಾದ ಸ್ಥಾನದಲ್ಲಿ ಇರಿಸಬೇಕಾಗುತ್ತದೆ.

ಮೂರನೆಯದು ಅಕ್ಷರಶೈಲಿಯ ಹೆಸರಿನ ನಷ್ಟ. ಸಂಶೋಧನ ಪಠ್ಯದಲ್ಲಿ ಇಂಗ್ಲಿಷ್ ಪದಗಳೂ ಇರುತ್ತವೆ. ಯಾವ ಭಾಗ ಯಾವ ಅಕ್ಷರಶೈಲಿಯಲ್ಲಿದೆ ಎಂಬ ಮಾಹಿತಿ ಮೂಲ ಕಡತದಲ್ಲಿರುತ್ತದೆ. ಸರಳ ಪಠ್ಯದಲ್ಲಿ ಅದು ಅಳಿಯುತ್ತದೆ. ಆಗ ಇಂಗ್ಲಿಷ್ ಪದಗಳೂ ಪರಿವರ್ತನೆಗೆ ಸಿಕ್ಕಿ ಅರ್ಥಹೀನ ಕನ್ನಡವಾಗುತ್ತವೆ. ಆದ್ದರಿಂದ ಕಡತವನ್ನು ಮೊದಲು ಅಕ್ಷರಶೈಲಿಯ ಹೆಸರು ಉಳಿಯುವಂತಹ ಆರ್‌ಟಿಎಫ್ ಅಥವಾ ಓಡಿಟಿ ರೂಪಕ್ಕೆ ತಂದು, ಕನ್ನಡ ಅಕ್ಷರಶೈಲಿಯ ಭಾಗಗಳನ್ನು ಮಾತ್ರ ಪರಿವರ್ತಿಸುವುದು ಶ್ರೇಯಸ್ಕರ.

ನಾಲ್ಕನೆಯದು ಸಂಖ್ಯೆಗಳ ಸ್ಥಾನಪಲ್ಲಟ. ಕೆಲವು ಅಕ್ಷರಶೈಲಿಗಳನ್ನು ವರ್ಡ್ ತಂತ್ರಾಂಶವು ಚಿಹ್ನೆಗಳ ಶೈಲಿಯೆಂದು ಭಾವಿಸಿ ಪ್ರತಿ ಸಂಖ್ಯೆಗೆ 61440ನ್ನು ಕೂಡಿಸಿ ಇರಿಸಿರುತ್ತದೆ. ಹಾಗೆಯೇ 128ರಿಂದ 159ರವರೆಗಿನ ಬಹುತೇಕ ಸಂಖ್ಯೆಗಳು ವಿಂಡೋಸ್‌ನ 1252 ಸಂಕೇತಪುಟದ ಮೂಲಕ ಹಾಯುವಾಗ ಬೇರೆ ಸಂಖ್ಯೆಗಳಾಗುತ್ತವೆ. ಉದಾಹರಣೆಗೆ 147 ಎಂಬುದು 8220 ಆಗುತ್ತದೆ. ಪರಿವರ್ತನೆಗೊಂಡ ಪಠ್ಯದಲ್ಲಿ ಒಂದೇ ಅಕ್ಷರ ಎಲ್ಲೆಡೆಯೂ ತಪ್ಪಾಗಿ ಬಂದಿದ್ದರೆ ಕಾರಣವನ್ನು ಇಲ್ಲಿ ಹುಡುಕಬೇಕು.

ಸಂಕೇತವೇ ತಿಳಿಯದ ಕಡತ

ಯಾವ ತಂತ್ರಾಂಶದ ಕಡತವೆಂಬುದೇ ತಿಳಿಯದಿದ್ದಾಗ, ಅಥವಾ ಮೂಲ ತಂತ್ರಾಂಶಕ್ಕೆ ಬೇಕಾದ ಡಾಂಗಲ್ ಎಂಬ ಬೀಗದ ಸಾಧನ ಕಳೆದುಹೋಗಿರುವಾಗ, ಕೋಷ್ಟಕವನ್ನು ಹೊಸದಾಗಿಯೇ ಕಟ್ಟಬೇಕಾಗುತ್ತದೆ. ಅಕ್ಷರಶೈಲಿಯ ಕಡತವೊಂದು ಉಳಿದಿದ್ದರೆ ಕೆಲಸ ಸುಲಭ. ಫಾಂಟ್‌ಫೋರ್ಜ್‌ನಂತಹ ಮುಕ್ತ ತಂತ್ರಾಂಶದಲ್ಲಿ ಅದನ್ನು ತೆರೆದು ಯಾವ ಮನೆಯಲ್ಲಿ ಯಾವ ಆಕಾರವಿದೆ ಎಂದು ನೋಡಿ ಪಟ್ಟಿ ಮಾಡಬಹುದು. ಅದೂ ಇಲ್ಲದಿದ್ದರೆ, ಅದೇ ಕಡತದಿಂದ ಅಚ್ಚಾದ ಒಂದು ಪುಟ ಅಥವಾ ಕರಡಚ್ಚು ದೊರೆತರೂ ಸಾಕು. ಅಚ್ಚಿನ ಸಾಲನ್ನೂ ಬೈಟ್‌ಗಳ ಸಾಲನ್ನೂ ಎದುರುಬದುರಾಗಿರಿಸಿ ಹೊಂದಿಸುತ್ತ ಹೋಗಬಹುದು.

ಅಚ್ಚಿನ ಪುಟವೂ ಇಲ್ಲದಾಗ ಜನಪದ ಪಠ್ಯದ ಸ್ವಭಾವವೇ ನೆರವಿಗೆ ಬರುತ್ತದೆ. ಪಲ್ಲವಿ, ಸೊಲ್ಲು, ಸಾಲಿನ ಕೊನೆಯ ಪುನರುಕ್ತಿ ಇವು ಮೌಖಿಕ ಪರಂಪರೆಯ ಲಕ್ಷಣಗಳು. ಒಂದೇ ಬೈಟ್ ಸರಣಿ ನಿಯತ ಅಂತರದಲ್ಲಿ ಮರಳಿ ಬರುತ್ತಿದ್ದರೆ ಅದು ಸೊಲ್ಲೆಂದು ಊಹಿಸಬಹುದು. ತಲಕಟ್ಟನ್ನು ಪ್ರತ್ಯೇಕವಾಗಿ ಇರಿಸುವ ಸಂಕೇತದಲ್ಲಿ ಅತಿ ಹೆಚ್ಚು ಬಾರಿ ಬರುವ ಸಂಖ್ಯೆ ತಲಕಟ್ಟಿನದಾಗಿರುವ ಸಂಭವವಿದೆ. ಸಂಗ್ರಹದ ಆರಂಭದಲ್ಲಿ ಊರು, ತಾಲ್ಲೂಕುಗಳ ಹೆಸರು ಇರುವುದು ರೂಢಿ. ತಿಳಿದಿರುವ ಹೆಸರುಗಳಿಂದ ತಿಳಿಯದ ಅಕ್ಷರಗಳಿಗೆ ಸಾಗುವ ಈ ಮಾರ್ಗ ಪ್ರಾಚೀನ ಲಿಪಿಗಳನ್ನು ಓದಿದವರು ತುಳಿದ ಮಾರ್ಗವೇ ಆಗಿದೆ.

ಜನಪದ ಪಠ್ಯದ ವಿಶೇಷ ಅಪಾಯ

ಶಿಷ್ಟ ಬರಹದ ಕಡತದಲ್ಲಿ ಪರಿವರ್ತನೆಯ ದೋಷವನ್ನು ಪದಕೋಶದ ನೆರವಿನಿಂದ ಗುರುತಿಸಬಹುದು. ಜನಪದ ಪಠ್ಯಕ್ಕೆ ಆ ಸೌಲಭ್ಯವಿಲ್ಲ. ಮೇಲೆ ಹೇಳಿದ 'ವುದುವೆ' ಎಂಬ ರೂಪವನ್ನು ಕಂಡ ಓದುಗ ಅದನ್ನು ಯಾವುದೋ ಹಳ್ಳಿಯ ಉಚ್ಚಾರವೆಂದು ನಂಬಿಬಿಡಬಹುದು. ಹ್ರಸ್ವವು ದೀರ್ಘವಾದರೆ ಅದು ರಾಗದ ಎಳೆತವೆಂದು ತೋರಬಹುದು. ಒತ್ತು ಬಿದ್ದುಹೋದರೆ ಅದು ಆಡುಮಾತಿನ ಸರಳೀಕರಣವೆಂದು ಕಾಣಬಹುದು. ಯಂತ್ರದ ದೋಷವು ಪ್ರಾದೇಶಿಕ ರೂಪದ ವೇಷ ತೊಟ್ಟು ನಿಘಂಟನ್ನೂ ಭಾಷಾಶಾಸ್ತ್ರದ ನಿರೂಪಣೆಯನ್ನೂ ಸೇರುವ ಸಾಧ್ಯತೆ ಇದೆ. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಕಾಗುಣಿತ ತಿದ್ದುವ ತಂತ್ರಾಂಶವನ್ನು ಹಾಯಿಸಿದರೆ ನಿಜವಾದ ಆಡುಮಾತಿನ ರೂಪಗಳು ಶಿಷ್ಟರೂಪಗಳಾಗಿ, ಸಂಗ್ರಹದ ಜೀವವೇ ಹೋಗುತ್ತದೆ.

ಆದ್ದರಿಂದ ಅನುಮಾನದ ರೂಪವನ್ನು ತಿದ್ದುವ ಮುನ್ನ ಮೂಲ ಬೈಟ್‌ಗಳನ್ನು ನೋಡುವುದು ಅವಶ್ಯ. ಬೈಟ್ ಸರಣಿ 170, 192, 196 ಎಂದಿದ್ದರೆ ಅದು 'ಮ', ದೋಷ ಪರಿವರ್ತಕದ್ದು. 170, 192, 197 ಎಂದಿದ್ದರೆ ಅಕ್ಷರ ಜೋಡಿಸಿದವರು 'ವು' ಎಂದೇ ಜೋಡಿಸಿದ್ದಾರೆ. ಅದು ಅವರ ಕೈತಪ್ಪೋ ಹಾಡಿದವರ ಉಚ್ಚಾರವೋ ಎಂಬುದನ್ನು ಧ್ವನಿಸುರುಳಿ ಅಥವಾ ನೋಟುಪುಸ್ತಕದಿಂದ ನಿರ್ಧರಿಸಬೇಕು. ಅವೆರಡೂ ಇಲ್ಲದಿದ್ದರೆ ರೂಪವನ್ನು ಇದ್ದಂತೆಯೇ ಉಳಿಸಿ ಅನುಮಾನವನ್ನು ಸೂಚಿಸುವುದೇ ಶಾಸ್ತ್ರೀಯ.

ಸ್ಥಳನಾಮಗಳಿಗೂ ಇದೇ ನಿಯಮ. ಅಜ್ಜಂಪುರವು 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದು. ಅದಕ್ಕೆ ಮುಂಚೆ ಅದು ತರೀಕೆರೆ ತಾಲ್ಲೂಕಿನ ಭಾಗವಾಗಿತ್ತು. ಈಗಿನ ಚಿಕ್ಕಮಗಳೂರು ಜಿಲ್ಲೆಯೇ 1947ರವರೆಗೆ ಕಡೂರು ಜಿಲ್ಲೆ ಎನಿಸಿಕೊಂಡಿತ್ತು. ಹಳೆಯ ಕಡತದಲ್ಲಿ 'ತರೀಕೆರೆ ತಾಲ್ಲೂಕು' ಎಂದಿರುವುದನ್ನು ಇಂದಿನ ಆಡಳಿತ ವಿಭಾಗಕ್ಕೆ ಹೊಂದಿಸಿ ತಿದ್ದಿದರೆ ಆ ದಾಖಲೆಯ ಕಾಲಸೂಚನೆ ಅಳಿಯುತ್ತದೆ. ಇಂದಿನ ಹೆಸರು ಸೂಚಿಯಲ್ಲಿ ಬರಲಿ, ಪಠ್ಯದಲ್ಲಿ ಅಂದಿನದೇ ಇರಲಿ.

ಇನ್ನೊಂದು ಸಂಗತಿ ನೈತಿಕವಾದುದು. ವರ್ಡ್‌ನ ಹಳೆಯ ಆವೃತ್ತಿಗಳಲ್ಲಿದ್ದ ಶೀಘ್ರ ಉಳಿಕೆಯ ಸೌಲಭ್ಯವು ತಿದ್ದುಪಡಿಗಳನ್ನು ಕಡತದ ಕೊನೆಗೆ ಸೇರಿಸುತ್ತಿತ್ತು. ಹೊಡೆದುಹಾಕಿದ ಪಠ್ಯ ತೆರೆಯ ಮೇಲೆ ಕಾಣದಿದ್ದರೂ ಕಡತದಲ್ಲಿ ಉಳಿಯುತ್ತಿತ್ತು. ಪಾಠಶೋಧನೆಯ ದೃಷ್ಟಿಯಿಂದ ಇದು ನಿಧಿ. ಆದರೆ ವಕ್ತೃವಿನ ಕೋರಿಕೆಯಂತೆ ತೆಗೆದ ಹೆಸರು, ಜಾತಿಯ ವಿವರ, ಮನೆಯ ಸಂಗತಿಗಳೂ ಅಲ್ಲಿರಬಹುದು. ಹಾಡಿದವರು ಮರೆಮಾಡಬಯಸಿದ್ದನ್ನು ಯಂತ್ರವು ಉಳಿಸಿಕೊಂಡಿದೆ ಎಂಬ ಕಾರಣಕ್ಕೆ ಪ್ರಕಟಿಸುವುದು ಕ್ಷೇತ್ರಕಾರ್ಯದ ವಿಶ್ವಾಸಕ್ಕೆ ದ್ರೋಹವಾಗುತ್ತದೆ.

ಗ್ರಂಥಾಲಯಗಳು ಅನುಸರಿಸಬಹುದಾದ ಕ್ರಮ

1. ಫ್ಲಾಪಿ ಅಥವಾ ಸಿಡಿಯನ್ನು ಬರಹನಿರೋಧಕ ಸ್ಥಿತಿಯಲ್ಲಿಯೇ ಗಣಕಕ್ಕೆ ಜೋಡಿಸಿ, ಅದರ ಸಮಗ್ರ ಪ್ರತಿಬಿಂಬವನ್ನು ತೆಗೆದಿರಿಸಬೇಕು. 1.44 ಎಂಬಿಯ ಫ್ಲಾಪಿಗೆ ಯುಎಸ್‌ಬಿ ಫ್ಲಾಪಿ ಚಾಲಕವೊಂದು ಸಾಕು. ಮೂಲವನ್ನು ಪದೇ ಪದೇ ತೆರೆಯಬಾರದು.

2. ಪ್ರತಿ ಕಡತಕ್ಕೂ ಶಾ-256ರಂತಹ ಪರೀಕ್ಷಾ ಮೊತ್ತವನ್ನು ಲೆಕ್ಕಮಾಡಿ ಬರೆದಿಟ್ಟರೆ, ಮುಂದೆ ಒಂದು ಬೈಟ್ ಬದಲಾದರೂ ತಿಳಿಯುತ್ತದೆ.

3. ಫ್ಲಾಪಿಯ ಮೇಲಿನ ಚೀಟಿ, ಕಡತದ ಹೆಸರು, ದಿನಾಂಕ ಇವೂ ದಾಖಲೆಗಳೇ. ಅವುಗಳನ್ನು ಇದ್ದಂತೆಯೇ ನಕಲು ಮಾಡಬೇಕು.

4. ಆರಂಭದ ಬೈಟ್‌ಗಳಿಂದ ಕಡತದ ಜಾತಿಯನ್ನೂ, ಒಳಗಿನ ಹೆಸರುಗಳಿಂದ ಅಕ್ಷರಶೈಲಿಯನ್ನೂ ಗುರುತಿಸಿ, ಅನಂತರವೇ ಪರಿವರ್ತನೆಗೆ ತೊಡಗಬೇಕು.

5. ಮೂಲ ಕಡತ, ನಡುವಣ ರೂಪ, ಯೂನಿಕೋಡ್ ಪಠ್ಯ ಈ ಮೂರನ್ನೂ ಉಳಿಸಬೇಕು. ಬಳಸಿದ ಪರಿವರ್ತಕದ ಹೆಸರು, ಆವೃತ್ತಿ, ಕೋಷ್ಟಕಗಳನ್ನು ಜೊತೆಗಿರಿಸಬೇಕು.

6. ಅಚ್ಚಾದ ಪ್ರತಿ ಇದ್ದರೆ ಅದನ್ನು ಸ್ಕ್ಯಾನ್ ಮಾಡಿ, ಟೆಸೆರಾಕ್ಟ್‌ನಂತಹ ಕನ್ನಡ ಬಲ್ಲ ಅಕ್ಷರಜಾಣ ತಂತ್ರಾಂಶದಿಂದ ಎರಡನೆಯ ಪಠ್ಯವನ್ನು ಪಡೆಯಬಹುದು. ಎರಡು ದಾರಿಗಳ ತಪ್ಪುಗಳು ಬೇರೆ ಬೇರೆ. ಒಂದರ ತಪ್ಪನ್ನು ಮತ್ತೊಂದು ತೋರಿಸಿಕೊಡುತ್ತದೆ.

7. ಕೊನೆಯ ಓದನ್ನು ಆ ಸೀಮೆಯ ಮಾತು ಬಲ್ಲವರಿಂದಲೇ ಮಾಡಿಸಬೇಕು. ಸಾಧ್ಯವಾದರೆ ಪದ ಹಾಡಬಲ್ಲವರ ಮುಂದೆ ಓದಿಸಬೇಕು. ಮಾತ್ರೆ ತಪ್ಪಿದ ಸಾಲು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ.

ಸಮಾರೋಪ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಸಂಗ್ರಹಗಳಿಗೆ ಒದಗಿರುವ ಸ್ಥಿತಿ ಕರ್ನಾಟಕದ ಇತರ ಭಾಗಗಳದೂ ಹೌದು. ತಂತ್ರಾಂಶದ ಬೀಗಗಳಿಗೆ ಇಂದು ಬೀಗದಕೈಗಳು ದೊರೆಯುತ್ತವೆ. ಕಡತದ ವಿನ್ಯಾಸಗಳು ಬಹುಮಟ್ಟಿಗೆ ತಿಳಿದಿವೆ, ಸಂಕೇತಗಳ ಕೋಷ್ಟಕಗಳನ್ನು ಕಟ್ಟಬಹುದು. ಆದರೆ ಫ್ಲಾಪಿಯ ಕಾಂತಲೇಪ ವರ್ಷ ವರ್ಷಕ್ಕೂ ಕ್ಷೀಣಿಸುತ್ತದೆ, ಅದಕ್ಕೆ ಬೀಗದಕೈ ಇಲ್ಲ. ಕ್ಷೇತ್ರಕಾರ್ಯ ಮಾಡಿದವರು, ಅಕ್ಷರ ಜೋಡಿಸಿದವರು, ಪದ ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಓದು ನಡೆದರೆ ಅನುಮಾನದ ರೂಪಗಳನ್ನು ಕೇಳಿ ತಿಳಿಯಬಹುದು. ಅನಂತರ ಮಾಡಿದರೆ ಉಳಿಯುವುದು ಊಹೆ ಮಾತ್ರ. ಗ್ರಂಥಾಲಯಗಳು ಪುಸ್ತಕದೊಡನೆ ಅದರ ಕಡತವನ್ನೂ ಕೇಳಿ ಪಡೆಯುವ ಪದ್ಧತಿಯನ್ನು ಆರಂಭಿಸಿದರೆ, ಸಂಶೋಧಕರು ತಮ್ಮ ಬಳಿಯಿರುವ ಹಳೆಯ ಫ್ಲಾಪಿಗಳನ್ನು ನಿರುಪಯುಕ್ತವೆಂದು ಎಸೆಯದೆ ಒಪ್ಪಿಸಿದರೆ, ಅಚ್ಚಾಗದೆ ಉಳಿದ ಅನೇಕ ಪದಗಳು ಮತ್ತೆ ಓದಿಗೆ ದೊರೆಯುತ್ತವೆ.